ಚಂದ್ರದ ಗುಳಿಗೆ

ನನಗೆ ಹೆಸರಿಡುವ ಚಟ. ನಮ್ಮ ಕಡೆ ಈ ಮಾತಿಗೆ ಎರಡು ಅರ್ಥ. ಕೂಸಿಗೆ ಹೆಸರಿಡುವುದು ಒಂದು, ಮಂದಿಯ ಕೊರತೆ ಹುಡುಕಿ ಆಡಿಕೊಳ್ಳುವುದು ಇನ್ನೊಂದು. ನನಗೆ ಎರಡೂ ಚೆನ್ನಾಗಿ ಬರುತ್ತವೆ. ಮದುವೆಯಾಗಿ ಖಾನಾಪುರದ ಈ ಮನೆಗೆ ಬಂದ ವರ್ಷವೇ ಕುಕ್ಕರಿಗೆ ‘ಹೆಡ್‌ಮಾಸ್ತರ್’ ಎಂದು ಹೆಸರಿಟ್ಟೆ, ಎಷ್ಟು ಕೂಗಿದರೂ ಯಾರೂ ಕೇಳುವುದಿಲ್ಲವೆಂದು. ಬೆಳಿಗ್ಗೆ ಒದ್ದರೂ ಚಾಲೂ ಆಗದ ಗಂಡನ ಬೈಕಿಗೆ ‘ಒಲ್ಲೆ’ ಎಂದಿಟ್ಟೆ. ಅತ್ತೆ ಮೊದಮೊದಲು ಮುಖ ಗಂಟು ಹಾಕಿಕೊಂಡರು. ವರ್ಷ ತುಂಬುವುದರೊಳಗೆ ಅವರೇ, “ಹೆಡ್‌ಮಾಸ್ತರ್ ಮೂರ ಸರ್ತಿ ಒದರಿದ ನೋಡವಾ, ಗ್ಯಾಸ್ ಬಂದ್ ಮಾಡು” ಎನ್ನತೊಡಗಿದರು. ಮನೆಯಲ್ಲಿ ನನ್ನ ಹೆಸರುಗಳೇ ಚಲಾವಣೆಗೆ ಬಂದವು, ನನಗೂ ಒಳಗೊಳಗೇ ಜಂಬ.

ಅತ್ತೆಗೆ ಎಪ್ಪತ್ತು ದಾಟಿದೆ. ಕೆಲವು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ಅವರ ಹೃದಯದ ಕವಾಟ ತೆಗೆದು ಲೋಹದ್ದು ಕೂರಿಸಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ರಕ್ತ ತೆಳು ಮಾಡುವ ಗುಳಿಗೆ ದಿನಕ್ಕೊಂದು, ಜೀವ ಇರುವವರೆಗೆ. ಅದರ ಪ್ರಭಾವ ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತ ಹರಿಯಲು ಶುರುವಾದದ್ದು ನಿಲ್ಲುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆಯ ನಂಬರ್ ನೋಡಿ ಡಾಕ್ಟರು ಅರ್ಧ ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಾರೆ. ಇದರ ಜೊತೆ ಬಿ.ಪಿ.ಗೆ ಒಂದು, ಕ್ಯಾಲ್ಸಿಯಂ ಒಂದು. ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ರಕ್ತದ್ದಕ್ಕೆ ‘ನೀರಗುಳಿಗೆ’, ಬಿ.ಪಿ.ಯದಕ್ಕೆ ‘ಕೆಂಪಿ’, ದಪ್ಪಗಿದ್ದ ಕ್ಯಾಲ್ಸಿಯಂಗೆ ‘ಚಪಾತಿ’ ಎಂದು ಹೆಸರಿಟ್ಟು ಕೊಟ್ಟೆ. ನಾವು ಜೈನರು, ಹೊತ್ತು ಮುಳುಗುವ ಮುಂಚೆ ಊಟ. ಆ ಊಟದ ತಟ್ಟೆಯ ಅಂಚಿಗೆ ನೀರಗುಳಿಗೆ, ಕೆಂಪಿ, ಚಪಾತಿ ಸಾಲಾಗಿ ಇರುತ್ತಿದ್ದವು. ಒಂದು ದಿನವೂ ತಪ್ಪಿದ್ದಿಲ್ಲ.

ಹೃದಯ ಸುಧಾರಿಸಿತು, ಮೊಣಕಾಲು ಕೈಕೊಟ್ಟವು. ಅತ್ತೆ ದಿನಾ ಬೆಳಿಗ್ಗೆ ಸಾಮಾಯಿಕಕ್ಕೆ ಕೂರುತ್ತಾರೆ. ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಹೊತ್ತು ಅಲುಗದೆ ಕೂತು ಮಾಡುವ ಧ್ಯಾನ ಅದು. ನೆಲಕ್ಕೆ ಕೂರಲಾಗದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡರು. ಮೊದಲ ದಿನ ಎದ್ದು ಬಂದವರೇ, “ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ ಆತು ನೋಡು. ಮುಂದ ದೇವರದಾನೋ, ಹುಬ್ಬಳ್ಳಿ ಗಾಡಿ ಬರತೈತೋ, ತಿಳೀಲಿಲ್ಲ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಅವರಿಗೆ ಅದು ನಿಜವಾಗಿ ನೋವು ಕೊಟ್ಟಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಈ ಸಂಗತಿ ಹೇಳಿದಾಗ ನಮ್ಮ ಗಣಿತದ ಟೀಚರ್ ಪರ್ಸಿನಿಂದ ಒಂದು ಪಟ್ಟಿ ಗುಳಿಗೆ ತೆಗೆದು ತೋರಿಸಿದರು. “ಮೂರ ತಿಂಗಳಾತು ತಗೊಳ್ಳಾಕತ್ತಿ. ಈಗ ಬಸ್ಸಿನ ಪಾವಟಿಗಿ ಒಬ್ಬಾಕಿನ ಹತ್ತತೇನಿ” ಎಂದರು. ಕಾಂಡ್ರಾಯಿಟಿನ್. ಹೆಸರು ನನಗೂ ಗೊತ್ತಿತ್ತು. ನಮ್ಮ ಕೀಲುಗಳಲ್ಲಿ ಮೂಳೆಗೆ ಮೂಳೆ ತಿಕ್ಕದಂತೆ ಮೆತ್ತನೆಯ ಹೊದಿಕೆ ಇರುತ್ತದಲ್ಲ, ಮೃದ್ವಸ್ಥಿ ಎನ್ನುತ್ತೇವೆ, ಅದರೊಳಗೆ ನೀರು ಹಿಡಿದಿಡುವ ವಸ್ತು ಅದು. ವಯಸ್ಸಾದಂತೆ ಹೊದಿಕೆ ಸವೆಯುತ್ತದೆ. ಹೊರಗಿನಿಂದ ಅದೇ ವಸ್ತು ಕೊಟ್ಟರೆ ಒಳಗಿನದಕ್ಕೆ ಆಸರೆಯಾದೀತು ಎಂಬುದು ಇದನ್ನು ಮಾರುವವರ ಲೆಕ್ಕ. ನನಗೆ ಅದು ಸರಿಯೆನಿಸಿತು. ಮುಂದಿನ ಶನಿವಾರ ಬೆಳಗಾವಿಯಲ್ಲಿ ಒಂದು ಔಷಧದ ಅಂಗಡಿಗೆ ಹೋಗಿ ಕೇಳಿದೆ, ಅವರು ಕೊಟ್ಟರು. ಚೀಟಿ ಕೇಳಲಿಲ್ಲ, ಯಾರಿಗೆ ಎಂದೂ ಕೇಳಲಿಲ್ಲ. ಅತ್ತೆಯ ಡಾಕ್ಟರಿಗೆ ಒಂದು ಮಾತು ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಮನೆಗೆ ತಂದಾಗ ಅತ್ತೆ, “ಏನ್ ಹೆಸರ ಇದರದು?” ಎಂದರು.

“ಕಾಂಡ್ರಾಯಿಟಿನ್ ರೀ.”

“ಕಾಂಡ… ಏನಂದಿ?”

ನಾನು ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರ ನೋಡಿದೆ. ಸರಿಯಾದ ಉಚ್ಚಾರ ಗೊತ್ತಿಲ್ಲದವರು ಅದನ್ನು ಚೊಂಡ್ರೊ ಎಂದೇ ಓದುತ್ತಾರೆ. ಬಾಯಿ ಸುಮ್ಮನಿರಬೇಕಲ್ಲ. “ಚಂದ್ರ ಅನ್ರಿ ಸಾಕು. ಚಂದ್ರದ ಗುಳಿಗಿ” ಎಂದೆ.

ನಮ್ಮ ಮನೆದೇವರು ಚಂದ್ರನಾಥ ಸ್ವಾಮಿ. ಅತ್ತೆ ಆ ಗುಳಿಗೆಯನ್ನು ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಂದು ದೀಪಾವಳಿ ಮುಗಿದು ನಾಲ್ಕನೆಯ ದಿನ.

ಒಂದೂವರೆ ತಿಂಗಳಾಗುವಷ್ಟರಲ್ಲಿ ಅತ್ತೆ ನೆಲಕ್ಕೆ ಕೂತರು. ಗುಳಿಗೆಯ ಗುಣವೋ, ಸ್ವಾಮಿಯ ಹೆಸರಿನ ಮೇಲಿನ ನಂಬಿಕೆಯೋ, ನಾನು ದಿನಾ ತಿಕ್ಕುತ್ತಿದ್ದ ಎಣ್ಣೆಯೋ, ಈಗಲೂ ಹೇಳಲಾರೆ. ಗೋಡೆ ಹಿಡಿದು ಮೆಲ್ಲಗೆ ಕೂತು, ಒಂದು ಕಾಲು ಮಡಚಿ, ಇನ್ನೊಂದನ್ನು ಕೈಯಿಂದ ಎಳೆದುಕೊಂಡು, ಕಣ್ಣು ಮುಚ್ಚಿದರು. ಕುರ್ಚಿಯನ್ನು ಹಿತ್ತಲಿಗೆ ಒಯ್ದು ಇಟ್ಟೆ. ಆ ದಿನ ನನಗೆ ಬಹಳ ಖುಷಿಯಾಗಿತ್ತು.

ಜನವರಿಯ ಮೊದಲ ವಾರ ಒಂಬತ್ತನೆಯ ತರಗತಿಗೆ ಅಂಗಾಂಶಗಳ ಪಾಠ. ನಾನು ಮೂಗಿನ ತುದಿ ಹಿಡಿದು ಅಲ್ಲಾಡಿಸಿ, “ಇಲ್ಲಿ ಮೂಳೆ ಇಲ್ಲ, ಇದು ಮೃದ್ವಸ್ಥಿ. ಶಾರ್ಕ್ ಮೀನಿಗಂತೂ ಮೈಯಲ್ಲಿ ಮೂಳೆಯೇ ಇಲ್ಲ, ಅಸ್ಥಿಪಂಜರವೆಲ್ಲ ಇದೇ” ಎಂದು ಪ್ರತಿ ವರ್ಷ ಹೇಳುವುದನ್ನೇ ಹೇಳಿದೆ. ಹೇಳಿ ಮುಗಿಸಿ ಬೋರ್ಡಿಗೆ ತಿರುಗಿದವಳ ಕೈ ನಿಂತಿತು. ಮೃದ್ವಸ್ಥಿ ಗಿಡದಲ್ಲಿ ಬೆಳೆಯುವುದಿಲ್ಲ. ಹಾಗಾದರೆ ಗುಳಿಗೆಯೊಳಗಿನದು ಎಲ್ಲಿಂದ ಬಂತು?

ಮನೆಗೆ ಬಂದು ಗುಳಿಗೆಯ ರಟ್ಟಿನ ಡಬ್ಬ ಹುಡುಕಿದೆ. ಮೂಲೆಯಲ್ಲಿ ಮಾಂಸಾಹಾರದ ಕಂದು ಗುರುತು. ಅದರ ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಶಾರ್ಕಿನ ಮೃದ್ವಸ್ಥಿಯಿಂದ ತೆಗೆದದ್ದೆಂದು ಬರೆದಿತ್ತು. ಕೆಲವು ಕಂಪನಿಗಳು ದನದ್ದು, ಹಂದಿಯದು, ಕೋಳಿಯದು ಬಳಸುತ್ತವೆ ಎಂದು ಆಮೇಲೆ ತಿಳಿಯಿತು. ನನ್ನ ಅತ್ತೆ ಮೆಂತ್ಯ ಸೊಪ್ಪಿನ ಒಂದೊಂದು ಎಲೆಯನ್ನೂ ಮಗುಚಿ ಹುಳ ಇದೆಯೇ ನೋಡಿ ಸೋಸುವವರು. ನೀರು ಸೋಸಿದ ಬಟ್ಟೆಯನ್ನು, ಅದರಲ್ಲಿ ಸಿಕ್ಕ ಜೀವ ಸಾಯಬಾರದೆಂದು, ಹುಷಾರಾಗಿ ಮತ್ತೆ ನೀರಿಗೇ ಜಾಲಿಸುವವರು. ಅವರ ಬಾಯಿಗೆ ಎರಡು ತಿಂಗಳಿಂದ ನಾನು ಇದನ್ನು ಹಾಕುತ್ತಿದ್ದೆ.

ಹೇಳಬೇಕೆಂದು ದೇವರ ಕೋಣೆಯ ಬಾಗಿಲವರೆಗೆ ಹೋದೆ. ಅತ್ತೆ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನನ್ನನ್ನು ನೋಡಿ, “ಚಂದ್ರದ ಗುಳಿಗಿ ಎರಡ ತಗೊಂಡ್ರ ಇನ್ನೂ ಚೊಲೋ ಆಗತೈತೇನು?” ಎಂದು ಕೇಳಿದರು.

ನಾನು “ಆಗಬಹುದ್ರಿ” ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿಕೆಯಿತ್ತು. ವಿಜ್ಞಾನದ ಟೀಚರಿಗೆ ಇಷ್ಟೂ ತಿಳಿಯಲಿಲ್ಲವೇ ಎಂಬ ನಾಚಿಕೆಯಿತ್ತು. ಅವರು ಮತ್ತೆ ಕುರ್ಚಿಯ ಮೇಲೆ ಕೂರುವುದನ್ನು ನೋಡಲಾರೆ ಎಂಬುದೂ ಇತ್ತು, ಆದರೆ ಅದನ್ನು ಮುಂದೆ ಮಾಡಿ ಉಳಿದೆರಡನ್ನು ಮರೆಮಾಡುವುದಿಲ್ಲ. ಆ ಡಬ್ಬವನ್ನು ಹರಿದು ಶಾಲೆಯ ಕಸದ ಬುಟ್ಟಿಗೆ ಹಾಕಿದೆ. ಅಲ್ಲಿಂದ ಮುಂದೆ ಹೊಸದು ತಂದಾಗಲೆಲ್ಲ ಬರೀ ಪಟ್ಟಿಗಳು ಮನೆಗೆ ಬಂದವು. ಚಂದ್ರದ ಗುಳಿಗೆ ಎಂಬ ಹೆಸರನ್ನು ಈಗ ಬೇಕೆಂದೇ ಬಳಸತೊಡಗಿದೆ, ಖರೇ ಹೆಸರು ಯಾರ ಬಾಯಲ್ಲೂ ಬರದಿರಲೆಂದು.

ದಿನಕ್ಕೆ ಎರಡು ಶುರುವಾದ ಮೇಲಿನ ಎರಡನೆಯ ಪರೀಕ್ಷೆಯಲ್ಲಿ ರಕ್ತದ ನಂಬರ್ ಏರಿತ್ತು, ಅಂದರೆ ರಕ್ತ ಬೇಕಾದದ್ದಕ್ಕಿಂತ ತೆಳುವಾಗಿತ್ತು. ಅತ್ತೆಯ ತೋಳಿನ ಮೇಲೆ ಬಳೆ ಒತ್ತಿದ ಜಾಗದಲ್ಲಿ ನೀಲಿ ಕಲೆಯೂ ಇತ್ತು. ಡಾಕ್ಟರು ನಂಬರ್ ಏರಲು ಕಾರಣ ಹುಡುಕುತ್ತ, ಸೊಪ್ಪು ತಿನ್ನುವುದು ಬಿಟ್ಟಿದ್ದೀರಾ, ಜ್ವರದ ಔಷಧ ತಗೊಂಡಿರಾ ಎಂದೆಲ್ಲ ಕೇಳಿದರು. ಕೊನೆಗೆ, “ಬ್ಯಾರೆ ಏನರ ಗುಳಿಗಿ ತಗೋತೀರೇನ್ರಿ ಆಯಿ?” ಎಂದರು.

“ಬ್ಯಾರೆ ಏನಿಲ್ರಿ. ಚಂದ್ರದ ಗುಳಿಗಿ ಅಷ್ಟ.”

“ಚಂದ್ರಪ್ರಭಾ ಏನ್ರಿ? ಆಯುರ್ವೇದದ್ದು?”

ಆ ಹೆಸರಿನ ವಟಿಯೊಂದು ಆಯುರ್ವೇದದಲ್ಲಿದೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಚಂದ್ರಪ್ರಭ ಎಂದರೆ ನಮ್ಮ ಚಂದ್ರನಾಥ ಸ್ವಾಮಿಯ ಇನ್ನೊಂದು ಹೆಸರು. ಡಾಕ್ಟರ ಬಾಯಲ್ಲಿ ಸ್ವಾಮಿಯ ಹೆಸರು ಬಂದದ್ದಕ್ಕೆ ಅತ್ತೆಯ ಮುಖ ಅರಳಿತು. ಕೈಮುಗಿದು, “ಹೌದ್ರಿ, ಚಂದ್ರಪ್ರಭಾನ” ಎಂದರು. ಡಾಕ್ಟರು ಫೈಲಿನಲ್ಲಿ ಬರೆದುಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆದರೆ ಖರೇ ಹೆಸರು ಹೇಳಬೇಕು, ಹೇಳಿದರೆ ಅದು ಏನು, ಎಲ್ಲಿಯದು ಎಂಬ ಮಾತು ಬರುತ್ತದೆ, ಅದೂ ಅತ್ತೆಯ ಮುಂದೆ. ಚೀಟಿಯಿಲ್ಲದೆ ಸಿಗುವ ಮಂಡಿನೋವಿನ ಗುಳಿಗೆಯಿಂದ ಹೃದಯಕ್ಕೆ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರು ನೀರಗುಳಿಗೆಯನ್ನು ತುಸು ಇಳಿಸಿ, ಎರಡು ವಾರ ಬಿಟ್ಟು ಬರಲು ಹೇಳಿದರು.

ಎರಡು ವಾರ ಆಗಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ, ಗಂಡ ಕಬ್ಬಿಗೆ ನೀರು ಬಿಡಲು ಪಾರಿಶ್ವಾಡದ ಹೊಲಕ್ಕೆ ಹೋಗಿದ್ದರು. ಅತ್ತೆ ಸಾಮಾಯಿಕ ಮುಗಿಸಿ ನನ್ನನ್ನು ಕರೆದರು. ಹೋಗಿ ನೋಡಿದರೆ ಅವರ ಬಿಳಿ ಸೀರೆಯ ಸೆರಗೆಲ್ಲ ಕೆಂಪು. ಮೂಗಿನಿಂದ ರಕ್ತ ಸುರಿಯುತ್ತಿತ್ತು.

“ಯಾವಾಗ ಶುರು ಆತ್ರಿ?”

“ಕುಂತ ಸ್ವಲ್ಪ ಹೊತ್ತಿಗೆ.”

“ಕರೀಬಾರದೇನ್ರಿ!”

“ಸಾಮಾಯಿಕದಾಗ ಹೆಂಗ ಏಳ್ಲಿ? ಮುಗದ ಮ್ಯಾಲ ಕರದ್ರಾತು ಅಂತ ಸೆರಗ ಹಿಡಕೊಂಡ ಕುಂತೆ.”

ಅಷ್ಟು ಹೊತ್ತೂ ಅಲುಗದೆ ಕೂತಿದ್ದರು. ಹಾಗೆ ಕೂರುವ ಮೊಣಕಾಲನ್ನು ನಾನೇ ಕೊಟ್ಟಿದ್ದೆ. ಅವರ ಮೂಗು ಒತ್ತಿ ಹಿಡಿದು, ತಲೆ ಮುಂದಕ್ಕೆ ಬಾಗಿಸಿ ಹತ್ತು ನಿಮಿಷ ಕಾದೆ. ನಿಲ್ಲಲಿಲ್ಲ. ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅತ್ತೆಯನ್ನು ನಮ್ಮ ಕಾರಿನಲ್ಲಿ ಕೂರಿಸಿ, ಫೈಲು, ಗುಳಿಗೆಗಳ ಸ್ಟೀಲ್ ಡಬ್ಬಿ, ನಾಲ್ಕು ಟವೆಲ್ ಹಾಕಿಕೊಂಡು ನಾನೇ ಓಡಿಸುತ್ತ ಹೊರಟೆ.

ಖಾನಾಪುರದಿಂದ ಬೆಳಗಾವಿಯ ರಸ್ತೆ ನನಗೆ ಅಂಗೈಯಷ್ಟು ಪರಿಚಯ, ಅಂದು ಮಾತ್ರ ಮುಗಿಯಲೇ ಇಲ್ಲ. ಎರಡನೆಯ ಟವೆಲ್ಲೂ ತೊಯ್ದಿತು. ಅತ್ತೆ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯ ಬೆರಳ ಗೆಣ್ಣಿನ ಮೇಲೆ ಣಮೋಕಾರ ಮಂತ್ರ ಎಣಿಸುತ್ತಿದ್ದರು. ಮಚ್ಛೆಯ ಹತ್ತಿರ ನಾನು ಲಾರಿಯೊಂದನ್ನು ಹಿಂದೆ ಹಾಕಲು ಹೋದಾಗ, “ಸಾವಕಾಶ ಹೊಡಿ. ಬರೇ ನನ್ನ ಮೂಗ ಒಡದೈತಿ, ನೀ ಗಾಡಿ ಒಡೀಬ್ಯಾಡ” ಎಂದರು. ಪಿರನವಾಡಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಹಾರ್ನ್ ಒತ್ತಿ ಹಿಡಿದೆ. ಮುಂದಿನವನು ಕಿಟಕಿಯಿಂದ ತಲೆ ಹೊರಹಾಕಿ ಮರಾಠಿಯಲ್ಲಿ ಬೈದ, ನಾನು ಕನ್ನಡದಲ್ಲಿ ತಿರುಗಿ ಬೈದೆ. ಆಮೇಲೆ ಅವನಿಗೆ ಅತ್ತೆಯ ಸೆರಗು ಕಂಡಿತು. ಇಳಿದು ಬಂದು ತಾನೇ ದಾರಿ ಬಿಡಿಸಿದ.

ಆಸ್ಪತ್ರೆಯಲ್ಲಿ ಮೂಗಿಗೆ ಬಿಗಿಯಾಗಿ ಬ್ಯಾಂಡೇಜಿನ ಬಟ್ಟೆ ತುಂಬಿದರು, ಕೈಗೆ ಸೂಜಿ ಹಾಕಿದರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ನಂಬರ್ ಬಂತು. ಡಾಕ್ಟರು ಅದನ್ನು ಎರಡು ಸಲ ನೋಡಿದರು.

“ನಾ ಗುಳಿಗಿ ಇಳಿಸೇನಿ, ಇದು ಏರೈತಿ. ಸುಮ್ನ ಹಿಂಗ ಆಗಾಂಗಿಲ್ಲ, ಏನೋ ಒಂದ ಕಾರಣ ಇರಬೇಕು. ನೆನಪ ಮಾಡ್ಕೊಂಡ ಹೇಳ್ರಿ. ಇವತ್ತ ಮೂಗಿನ್ಯಾಗ ಬಂತು, ಕಣ್ಣಿಗೆ ಕಾಣತು. ನಾಳಿ ತಲಿಯೊಳಗ ಆತಂದ್ರ ನಮ್ಮ ಕೈಯಾಗ ಏನೂ ಉಳಿಯಾಂಗಿಲ್ಲ.”

ಅವರು ಫೈಲು ತೆರೆದು ಹಿಂದಿನ ಸಲದ ಹಾಳೆಗೆ ಬಂದರು. ಬೆರಳಿಟ್ಟು ಒಂದೊಂದೇ ಔಷಧ ಓದಿದರು. ಕೊನೆಯ ಸಾಲಿನಲ್ಲಿ ನನ್ನ ತಮಾಷೆ ಅವರ ಅಕ್ಷರದಲ್ಲಿ ಕೂತಿತ್ತು: ಚಂದ್ರಪ್ರಭಾ. ಡಾಕ್ಟರು ಅದರ ಮೇಲೂ ಬೆರಳಿಟ್ಟು ಅತ್ತೆಯನ್ನು ನೋಡಿದರು.

ಅತ್ತೆ ಬಟ್ಟೆ ತುಂಬಿದ ಮೂಗಿನಿಂದಲೇ, “ಅದು ಸ್ವಾಮಿ ಗುಳಿಗಿರಿ. ಅದರಿಂದ ಏನೂ ಆಗಾಂಗಿಲ್ಲ” ಎಂದರು.

ನಾನು ಸುಮ್ಮನಿದ್ದರೆ ಇವರು ಮನೆಗೆ ಹೋಗಿ ಮತ್ತೆ ಅದನ್ನೇ ಕಣ್ಣಿಗೊತ್ತಿಕೊಂಡು ನುಂಗುತ್ತಾರೆ. ಸ್ಟೀಲ್ ಡಬ್ಬಿ ತೆರೆದು ಪಟ್ಟಿ ತೆಗೆದು ಡಾಕ್ಟರ ಕೈಗಿಟ್ಟೆ. “ಅದು ಚಂದ್ರಪ್ರಭಾ ಅಲ್ರಿ. ಇದು. ದಿನಾ ಎರಡು” ಎಂದೆ.

ಡಾಕ್ಟರು ಓದಿ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದರು. “ಇದು ರಕ್ತದ ಗುಳಿಗಿ ಜೋರ ಹೆಚ್ಚ ಮಾಡಬಹುದು. ಇದರಿಂದನ ಆತು ಅಂತ ನಾ ಖಾತ್ರಿ ಹೇಳಾಂಗಿಲ್ಲ, ಆದ್ರ ರಕ್ತ ತೆಳು ಮಾಡೋ ಗುಳಿಗಿ ನಡದವರಿಗೆ ನಮ್ಮನ್ನ ಕೇಳದ ಕೊಡಬಾರದು. ಅಷ್ಟ ಮಾಡಿ ಫಾಯದಾ ಏನು? ಕೆಲವರಿಗೆ ನೋವ ಸ್ವಲ್ಪ ಕಡಿಮಿ ಆಗತೈತಿ ಅಂತಾರ. ಕೆಲವರಿಗೆ ಸಕ್ಕರಿ ಗುಳಿಗಿ ಕೊಟ್ರೂ ಅಷ್ಟ ಆಗತೈತಿ. ಸವದದ್ದು ತಿರುಗಿ ಬೆಳದೈತಿ ಅಂತ ಯಾರೂ ಹೇಳಾಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಯಾರ ತಂದ ಕೊಟ್ರಿ ಇದನ್ನ? ಹಿಂದಿನ ಸರ್ತಿ ಯಾಕ ಹೇಳಲಿಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹಾಸಿಗೆಯಿಂದ ತಲೆ ಎತ್ತಿದರು. “ನಾನ ತರಿಸ್ಕೊಂಡೇನ್ರಿ. ಆಕಿ ಬ್ಯಾಡ ಅಂದಿದ್ದಳು, ನಾ ಕೇಳಲಿಲ್ಲ. ಆಕಿಗೆ ಏನೂ ಅನಬ್ಯಾಡ್ರಿ.”

ಡಾಕ್ಟರು ಪಟ್ಟಿಯನ್ನು ಇನ್ನೊಮ್ಮೆ ನೋಡಿದರು, ಫೈಲಿನ ಮೇಲಿದ್ದ ನಮ್ಮ ಜೈನ ಅಡ್ಡಹೆಸರನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತು. ಗುಳಿಗೆ ಯಾವುದರಿಂದ ಮಾಡಿದ್ದೆಂದು ಮಾತ್ರ ಅವರು ಹೇಳಲಿಲ್ಲ, ಅದನ್ನು ನನಗೇ ಬಿಟ್ಟರು.

ಮೂರನೆಯ ದಿನ ನಂಬರ್ ಇಳಿದ ಮೇಲೆ ಬಿಟ್ಟರು. ಮತ್ತೆ ರಕ್ತ ಬಂದರೆ ಆಸ್ಪತ್ರೆ ಹತ್ತಿರವಿರಲಿ ಎಂದು ರಾಮತೀರ್ಥ ನಗರದಲ್ಲಿರುವ ನಾದಿನಿಯ ಮನೆಯಲ್ಲಿ ನಾಲ್ಕು ದಿನ ಉಳಿದೆವು. ನಾದಿನಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮಧ್ಯಾಹ್ನ ಅತ್ತೆ ಮಂಚದ ಮೇಲೆ ಕೂತು, “ಚಂದ್ರದ ಗುಳಿಗಿ ಎಷ್ಟ ದಿನಾ ಬಂದ್?” ಎಂದು ಕೇಳಿದರು.

“ಕಾಯಂ ಬಂದ್ ರೀ. ಅದರ ಹೆಸರ ಚಂದ್ರ ಅಲ್ರಿ ಅತ್ತಿ. ಅದು ಸಮುದ್ರದ ಮೀನಿಂದ ಮಾಡಿದ್ದು.”

ಅವರು ಅಳಲಿಲ್ಲ, ಕೂಗಲಿಲ್ಲ. “ನಿನಗ ಎಂದ ತಿಳೀತು?” ಎಂದರು.

ಆ ಪ್ರಶ್ನೆಗೇ ನಾನು ಹೆದರಿದ್ದು. “ಸಂಕ್ರಾಂತಿ ಮುಂದ” ಎಂದೆ. ಹೋಳಿ ಹುಣ್ಣಿಮೆ ಆಗಿ ವಾರ ಕಳೆದಿತ್ತು.

ಅತ್ತೆ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದರು. ಬಾಯಿ ಮುಕ್ಕಳಿಸುವ ಸದ್ದು ಕೇಳಿಸಿತು. ಮುಕ್ಕಳಿಸಿದರು, ಉಗುಳಿದರು, ಮತ್ತೆ ಮುಕ್ಕಳಿಸಿದರು. ನಾನು ಬಾಗಿಲ ಹೊರಗೆ ನಿಂತು ಅಳುತ್ತಿದ್ದೆ. ಅವರು ಹೊರಗೆ ಬಂದು ನನ್ನನ್ನು ದಾಟಿ ಹೋದರು. ಖಾನಾಪುರಕ್ಕೆ ಮರಳುವವರೆಗೆ ಬೇಕಾದಷ್ಟೇ ಮಾತು: ನೀರು ಕೊಡು, ಕಿಟಕಿ ಮುಚ್ಚು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಚಹ ಕೊಟ್ಟೆ. ಒಂದು ಗುಟುಕು ಕುಡಿದು ಕೆಳಗಿಟ್ಟರು. “ಸಕ್ಕರಿ ಹಾಕಬ್ಯಾಡ ಇನ್ನ. ಊಟದಾಗ ತುಪ್ಪಾನೂ ಬ್ಯಾಡ.”

ಡಾಕ್ಟರು ಉಪವಾಸ ಮಾಡಲು ಬಿಡುವುದಿಲ್ಲ, ಅದಕ್ಕೆ ಇದನ್ನು ಹಿಡಿದಿದ್ದಾರೆಂದು ತಿಳಿಯಿತು. ತಪ್ಪಾದಾಗ ಇಷ್ಟದ ರಸವೊಂದನ್ನು ಬಿಡುವುದು ನಮ್ಮಲ್ಲಿದೆ. ಆದರೆ ಎರಡು ಯಾಕೆ?

“ಒಂದು, ಗೊತ್ತಿಲ್ಲದ ತಿಂದದ್ದಕ್ಕ. ಅದು ಸಣ್ಣದು. ಇನ್ನೊಂದು ಗೊತ್ತಿದ್ದ ಹೇಳಿದ ಸುಳ್ಳಿಗೆ. ಅದು ದೊಡ್ಡದು. ವರ್ಷದ ಮಟ ತುಪ್ಪ ಮುಟ್ಟಾಂಗಿಲ್ಲ.”

“ಸುಳ್ಳ ಹೇಳಿದಾಕಿ ನಾ ರೀ. ನನ್ನ ಸುಳ್ಳಿಗೆ ನೀವ್ಯಾಕ ಬಿಡ್ತೀರಿ?”

ಅತ್ತೆ ನನ್ನನ್ನು ನೇರವಾಗಿ ನೋಡಿದರು. ಎಷ್ಟೋ ದಿನಗಳ ಮೇಲೆ ಹಾಗೆ ನೋಡಿದ್ದು.

“ನಿಂದಲ್ಲವಾ. ನಂದು. ಡಾಕ್ಟರ ಮುಂದ ನಾನ ತರಿಸ್ಕೊಂಡೆ, ಆಕಿ ಬ್ಯಾಡ ಅಂದಿದ್ದಳು ಅಂತ ಹೇಳಿದೆ ಅಲ್ಲ? ಅದಕ್ಕ. ನಿಂದು ನೀ ನೋಡ್ಕೊ.”

ಸಕ್ಕರೆಯಿಲ್ಲದೆ ಬೇರೆ ಚಹ ಮಾಡಿ ತಂದೆ, ಅವರು ಆ ಕಹಿಯನ್ನೇ ಕುಡಿದು ಮುಗಿಸಿದರು.

ಈಗ ಸಂಜೆ ಊಟಕ್ಕೆ ಕೂತಾಗ ಅತ್ತೆ ಅಂಗೈ ಚಾಚುತ್ತಾರೆ, ಗುಳಿಗೆ ಇಟ್ಟರೂ ಬಾಯಿಗೆ ಹಾಕುವುದಿಲ್ಲ. “ಹೆಸರ ಓದು” ಎನ್ನುತ್ತಾರೆ. ನೀರಗುಳಿಗೆ ಎಂದರೆ ಆಗುವುದಿಲ್ಲ. ಪಟ್ಟಿಯ ಮೇಲೆ ಏನಿದೆಯೋ ಅದನ್ನು ಅಕ್ಷರ ಅಕ್ಷರ ಓದುತ್ತೇನೆ. ಅವರು ನನ್ನ ಹಿಂದೆ ತಪ್ಪುತಪ್ಪಾಗಿ ಹೇಳುತ್ತಾರೆ, ಸರಿಯಾಗುವವರೆಗೆ ಹೇಳುತ್ತಾರೆ, ಆಮೇಲೆ ನುಂಗುತ್ತಾರೆ. ಹಿತ್ತಲಿನ ಪ್ಲಾಸ್ಟಿಕ್ ಕುರ್ಚಿ ದೇವರ ಕೋಣೆಗೆ ಮರಳಿ ಬಂದಿದೆ. ಅದಕ್ಕೆ ನಾನು ಯಾವ ಹೆಸರನ್ನೂ ಇಟ್ಟಿಲ್ಲ.